ಐದು ಗ್ರಾಂ ಸಕ್ಕರೆ, ಹತ್ತು ಕೋಟಿ ಬ್ಯಾಕ್ಟೀರಿಯಾ

ಹಂಪಿಯ ವಿರೂಪಾಕ್ಷ ದೇವಸ್ಥಾನದ ಮಹಾಗೋಪುರದ ಎತ್ತರ ಸುಮಾರು 50 ಮೀಟರ್. ಕ್ಷಯದ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರು ಪಾಲು, ಅಷ್ಟೆ. ಆದರೆ ರೋಗ ಬಲಿತ ಶ್ವಾಸಕೋಶದ ಒಂದೇ ಕುಳಿಯಲ್ಲಿ ಇಂಥವು ಹತ್ತು ಕೋಟಿ ಇರಬಹುದು. ಅವನ್ನು ಸಾಲಾಗಿ ಜೋಡಿಸಿದರೆ 300 ಮೀಟರ್, ಆರು ಮಹಾಗೋಪುರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು!

ಇನ್ನು ಸಕ್ಕರೆಯ ಲೆಕ್ಕ ನೋಡಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಶುಗರ್ 100, ಎಂದರೆ ಡೆಸಿಲೀಟರಿಗೆ 100 ಮಿಲಿಗ್ರಾಂ, ಇದ್ದರೆ ಅಷ್ಟೂ ರಕ್ತದಲ್ಲಿರುವ ಸಕ್ಕರೆ 5 ಗ್ರಾಂ, ಒಂದು ಟೀ ಚಮಚ. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ ಸಕ್ಕರೆ ಕಾಯಿಲೆ. ಆಗಲೂ ಅದು 6.3 ಗ್ರಾಂ ಮಾತ್ರ. ಬಾಳನ್ನೇ ಬದಲಿಸುವ ಹೆಚ್ಚಳ ಒಂದೂಕಾಲು ಗ್ರಾಂ ಚಿಲ್ಲರೆ.

ಅಷ್ಟು ಸಕ್ಕರೆ ಸಾಕು, ಕ್ಷಯ ತಗಲುವ ಅಪಾಯ ಎರಡು-ಮೂರು ಪಟ್ಟು ಏರಲು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗ ನಮ್ಮವರೇ. 2012ರಲ್ಲಿ ಭಾರತದ ಹಲವು ಆಸ್ಪತ್ರೆಗಳಲ್ಲಿ 8,109 ಕ್ಷಯರೋಗಿಗಳ ಶುಗರ್ ನೋಡಿದಾಗ 1,084 ಮಂದಿಗೆ ಎರಡೂ ಕಾಯಿಲೆ ಇತ್ತು. ಅವರಲ್ಲಿ 402 ಮಂದಿಗೆ ಶುಗರ್ ಇರುವುದು ಗೊತ್ತಾದದ್ದೇ ಆಗ!

ಒಮ್ಮೆ ನೋಡಿ ಸುಮ್ಮನಾದರೆ ಸಾಲದು. ಸೋಂಕಿನ ಉರಿಯಲ್ಲಿ ಶುಗರ್ ತಾನೇ ಏರುತ್ತದೆ, ಔಷಧಿ ಹಿಡಿದಂತೆ ಇಳಿಯಲೂಬಹುದು. ಇನ್ನೊಂದು ಕಡೆ, ಕ್ಷಯದ ಮುಖ್ಯ ಮಾತ್ರೆ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ, ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ನಿನ್ನೆಯವರೆಗೆ ಸಾಕಾಗುತ್ತಿದ್ದ ಮಾತ್ರೆ ಇಂದು ಸಾಲುವುದಿಲ್ಲ. ಕ್ಷಯದ ಚಿಕಿತ್ಸೆ ಮುಗಿದ ಮೇಲೆ ಆ ವೇಳೆ ಏರಿಸಿದ್ದ ಶುಗರ್ ಮಾತ್ರೆಯೇ ಹೆಚ್ಚಾಗಿ ಶುಗರ್ ಕುಸಿಯಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಈ ದಿನದಿನದ ಏರಿಳಿತವನ್ನು ಹಿಡಿಯದು. ಆರು ತಿಂಗಳ ಚಿಕಿತ್ಸೆಯುದ್ದಕ್ಕೂ ಬೆರಳು ಚುಚ್ಚಿ ನೋಡುತ್ತಿರಲೇಬೇಕು.

ಆ ಚುಚ್ಚುವಿಕೆಯಲ್ಲೂ ಒಂದು ವಿಸ್ಮಯವಿದೆ. ಗ್ಲುಕೋಮೀಟರಿನ ಪಟ್ಟಿ ಹೀರಿಕೊಳ್ಳುವ ರಕ್ತ ಸುಮಾರು ಒಂದು ಮೈಕ್ರೋಲೀಟರ್. ಶುಗರ್ 100 ಇದ್ದರೆ ಅದರಲ್ಲಿರುವ ಸಕ್ಕರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಗ್ಲುಕೋಮೀಟರ್ ಅದನ್ನು ಕೆಲವೇ ಸೆಕೆಂಡಿನಲ್ಲಿ ಅಳೆದು ಹೇಳುತ್ತದೆ.

ಸಂಡೂರಿನ ಗಣಿಯಲ್ಲಿ ದುಡಿಯುವವರಿರಲಿ, ಕಂಪ್ಲಿಯ ಭತ್ತದ ಗದ್ದೆಯಲ್ಲಿ ನಾಟಿ ಮಾಡುವವರಿರಲಿ, ಹೊಸಪೇಟೆಯ ಅಂಗಡಿಯಲ್ಲಿ ಕೂರುವವರಿರಲಿ, ಎರಡು ವಾರ ಕೆಮ್ಮು ಬಿಡದಿದ್ದರೆ ಕಫದ ಪರೀಕ್ಷೆ ಮಾಡಿಸಬೇಕು. ಕ್ಷಯ ಎಂದಾದರೆ ಶುಗರ್ ಕೂಡ ನೋಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಹತ್ತು ಕೋಟಿ ಶತ್ರುಗಳ ಎದುರು ಹೋರಾಡುವ ಮಾತ್ರೆಗಳಿಗೆ ಆ ಒಂದು ಹನಿ ರಕ್ತದ ಲೆಕ್ಕವೂ ಜೊತೆಗಿರಬೇಕು.