ಯಂತ್ರದ ಕಣ್ಣಿಗೆ ಕಾಣದ ನಡೆ

ಚದುರಂಗ ಹುಟ್ಟಿದ್ದು ನಮ್ಮ ದೇಶದಲ್ಲಿ. ಇಂದು ಅನೇಕ ಮಕ್ಕಳು ಅದನ್ನು ಕಲಿಯುವುದು ಕಂಪ್ಯೂಟರ್ ಇಲ್ಲವೇ ಮೊಬೈಲ್ ಎದುರು ಕುಳಿತು. ಈ ಯಂತ್ರ ಯೋಚಿಸುವುದಾದರೂ ಹೇಗೆ? ಅದೂ ಎಡವುವುದುಂಟೇ? ಪ್ರಿಯ ಓದುಗರೇ, ನಾವು ಇದನ್ನು ಸ್ವಲ್ಪ ಪರಿಶೀಲಿಸೋಣ.

ಕಂಪ್ಯೂಟರ್ ಮುಂದಿನ ನಡೆಗಳನ್ನು ಒಂದೊಂದಾಗಿ ಎಣಿಸುತ್ತಾ ಹೋಗುತ್ತದೆ. ಆಟದ ನಡುವೆ ಒಬ್ಬ ಆಟಗಾರನಿಗೆ ಸುಮಾರು 35 ನಡೆಗಳು ಸಾಧ್ಯ. ಇಬ್ಬರೂ ಎರಡೆರಡು ಬಾರಿ ನಡೆಸುವಷ್ಟರಲ್ಲಿ ಆ ಲೆಕ್ಕ 15 ಲಕ್ಷ ದಾಟುತ್ತದೆ. ಆದ್ದರಿಂದ ಎಲ್ಲಾದರೂ ಒಂದು ಕಡೆ ಎಣಿಕೆ ನಿಲ್ಲಿಸಲೇಬೇಕು. ಅಪಾಯವಿರುವುದು ಅಲ್ಲಿಯೇ.

ಲಾಂದ್ರದ ಬೆಳಕಿನಾಚೆ

ಗುಮ್ಮಳಾಪುರದ ನರಭಕ್ಷಕ ಚಿರತೆಯ ಬಗ್ಗೆ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದದ್ದನ್ನು ನಮ್ಮಲ್ಲಿ ಕೆಲವರು ಕೇಳಿರಬಹುದು. ರಾತ್ರಿ ಲಾಂದ್ರ ಹಿಡಿದವನಿಗೆ ಹತ್ತು ಹೆಜ್ಜೆಯವರೆಗೆ ಮಾತ್ರ ಕಾಣುತ್ತದೆ. ಅದರಾಚೆ ಕಾಣಿಸದ್ದರಿಂದ ಚಿರತೆಯೇ ಇಲ್ಲವೆಂದು ಹೇಳಲಾದೀತೇ?

ಯಂತ್ರ ಮಾಡುತ್ತಿದ್ದ ತಪ್ಪು ಇದೇ. ಕೊನೆಯ ನಡೆಯಲ್ಲಿ ತನ್ನ ಮಂತ್ರಿ ಎದುರಾಳಿಯ ಕಾಲಾಳನ್ನು ಹೊಡೆದರೆ, ಲಾಭವಾಯಿತೆಂದು ಅದು ಎಣಿಕೆ ನಿಲ್ಲಿಸುತ್ತಿತ್ತು. ಮರುನಡೆಯಲ್ಲೇ ಮಂತ್ರಿ ಸಾಯುವುದು ಅದಕ್ಕೆ ಕಾಣುತ್ತಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ತಪ್ಪಿಸಲಾಗದ ನಷ್ಟ ಕಂಡಾಗ ಸುಮ್ಮನೆ ಕಾಲಾಳುಗಳನ್ನು ಬಲಿಕೊಟ್ಟು ಆ ನಷ್ಟವನ್ನು ಕಣ್ಣಳತೆಯಾಚೆ ತಳ್ಳಿ, ಪಾರಾದೆನೆಂದು ತಿಳಿಯುತ್ತಿತ್ತು. ಅಮೆರಿಕದ ಹ್ಯಾನ್ಸ್ ಬರ್ಲಿನರ್ 1973ರಲ್ಲಿ ಇದನ್ನು ‘ದಿಗಂತ ಪರಿಣಾಮ’ ಎಂದು ವಿವರಿಸಿದರು.

ಎಲ್ಲಿ ಹೆಚ್ಚು ನೋಡಬೇಕು?

ಎಲ್ಲ ದಾರಿಗಳನ್ನೂ ಇನ್ನಷ್ಟು ದೂರ ನೋಡಲು ಸಮಯ ಸಾಲದು. ಆದ್ದರಿಂದ ಅಪಾಯವಿರುವ ದಾರಿಯನ್ನು ಮಾತ್ರ ಮುಂದಕ್ಕೆ ಹಿಡಿದು ನೋಡುವ ಉಪಾಯಗಳು ಬಂದವು. ಕಾಯಿಗಳನ್ನು ಹೊಡೆಯುವುದು ಮುಗಿದು ಮಣೆ ಶಾಂತವಾಗುವವರೆಗೆ ಎಣಿಕೆ ನಿಲ್ಲಿಸಬಾರದು. ರಾಜನಿಗೆ ಚೆಕ್ ಬಿದ್ದಾಗ ಇನ್ನೊಂದು ನಡೆ ಮುಂದೆ ನೋಡಬೇಕು. ಬೇರೆಲ್ಲಕ್ಕಿಂತ ಒಂದೇ ಒಂದು ನಡೆ ಬಹಳ ಉತ್ತಮವಾಗಿದ್ದರೆ, ಆಟವೆಲ್ಲ ಅದನ್ನೇ ನಂಬಿರುವುದರಿಂದ ಅದನ್ನು ಇನ್ನೂ ಆಳವಾಗಿ ಪರೀಕ್ಷಿಸಬೇಕು.

ಈ ಕೊನೆಯ ಉಪಾಯವನ್ನು ರೂಪಿಸಿದವರಲ್ಲಿ ಒಬ್ಬರು ವಾರಾಣಸಿಯಲ್ಲಿ ಎಂಜಿನಿಯರಿಂಗ್ ಓದಿದ ಥಾಮಸ್ ಅನಂತರಾಮನ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಫೆಂಗ್ ಸಿಯುಂಗ್ ಸೂ, ಮರ್ರಿ ಕ್ಯಾಂಪ್‌ಬೆಲ್ ಅವರ ಜೊತೆಗೂಡಿ ಇದನ್ನು ‘ಡೀಪ್ ಥಾಟ್’ ಯಂತ್ರದಲ್ಲಿ ಅಳವಡಿಸಿದರು. 1988ರಲ್ಲಿ ಆ ಯಂತ್ರ ಡೆನ್ಮಾರ್ಕಿನ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್ ಅವರನ್ನು ಪಂದ್ಯಾವಳಿಯಲ್ಲಿ ಸೋಲಿಸಿತು. ಅದರ ಮುಂದಿನ ಪೀಳಿಗೆಯ ‘ಡೀಪ್ ಬ್ಲೂ’ 1997ರಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು 3.5–2.5ರಿಂದ ಮಣಿಸಿತು. ಇಂದಿನ ‘ಸ್ಟಾಕ್‌ಫಿಶ್’ ಕೂಡ ಈ ಉಪಾಯವನ್ನು ಬಳಸುತ್ತದೆ.

ಆದರೆ ಇದಕ್ಕೂ ಮಿತಿ ಬೇಕು. ಸಿಕ್ಕಸಿಕ್ಕಲ್ಲೆಲ್ಲ ಆಳಕ್ಕಿಳಿದರೆ ಗಡಿಯಾರ ಓಡಿ, ಎಣಿಕೆ ಮುಗಿಯುವುದೇ ಇಲ್ಲ. ಆದ್ದರಿಂದ ಹುರುಳಿಲ್ಲದ ನಡೆಗಳನ್ನು ಯಂತ್ರ ಮೇಲೆಮೇಲೆ ನೋಡಿ ಬಿಟ್ಟುಬಿಡುತ್ತದೆ.

ತಂದೆತಾಯಂದಿರು ಮಕ್ಕಳೊಡನೆ ಮಣೆ ಹರಡಿ ಕುಳಿತಾಗ ಇದನ್ನೇ ಹೇಳಿಕೊಡಬಹುದು. ಕಾಯಿ ಸಿಕ್ಕಿತೆಂದು ಕೈ ಚಾಚುವ ಮುನ್ನ, “ಅವನು ತಿರುಗಿ ಏನು ಹೊಡೆಯುತ್ತಾನೆ?” ಎಂದು ಮಗು ಕೇಳಿಕೊಳ್ಳಲಿ. ಹೊಡೆದಾಟ ಮುಗಿಯುವ ತನಕ ಲಾಭನಷ್ಟದ ಲೆಕ್ಕ ಹಾಕದಿರಲಿ.