ಲೆಕ್ಕ ತಪ್ಪಿದ ಕ್ಲಬ್ಬಿಗೆ ಕೆಂಪು ಕಾರ್ಡು ಉಂಟೆ?

ಮೈದಾನದಲ್ಲಿ ಆಟಗಾರನೊಬ್ಬ ಎದುರಾಳಿಗೆ ಅಡ್ಡಗಾಲು ಹಾಕಿದರೆ ರೆಫರಿ ಕೂಡಲೇ ಸೀಟಿ ಊದುತ್ತಾನೆ. ಹಳದಿ ಕಾರ್ಡೋ, ಕೆಂಪು ಕಾರ್ಡೋ, ತೀರ್ಮಾನ ಅಲ್ಲಿಯೇ ಆಗುತ್ತದೆ. ಸಾವಿರಾರು ಪ್ರೇಕ್ಷಕರು ಅದನ್ನು ಕಣ್ಣಾರೆ ಕಾಣುತ್ತಾರೆ. ಆದರೆ ತಪ್ಪು ನಡೆದದ್ದು ಮೈದಾನದಲ್ಲಲ್ಲ, ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಎಂದಿಟ್ಟುಕೊಳ್ಳಿ. ಅಲ್ಲಿ ಸೀಟಿ ಊದುವವರು ಯಾರು? ಊದಿದರೂ ಅದು ಕೇಳಿಸುವ ಹೊತ್ತಿಗೆ ಆಟವೇ ಮುಗಿದಿದ್ದರೆ?

ಯುರೋಪಿನ ಫುಟ್‌ಬಾಲ್ ಜಗತ್ತು ಬಹುಕಾಲದಿಂದ ಈ ಪ್ರಶ್ನೆಯನ್ನು ಎದುರಿಸುತ್ತಿದೆ. ರಾತ್ರಿ ಎಚ್ಚರವಿದ್ದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ನೋಡುವ ನಿಮ್ಮಲ್ಲಿ ಹಲವರು "ಆ ಕ್ಲಬ್ಬಿನ ಅಂಕ ಕಡಿತವಾಯಿತಂತೆ", "ಈ ಕ್ಲಬ್ಬಿಗೆ ದಂಡವಂತೆ" ಎಂಬ ಸುದ್ದಿಗಳನ್ನು ಕೇಳಿರಬಹುದು. "ದೊಡ್ಡವರಿಗೆ ಏನೂ ಆಗುವುದಿಲ್ಲ ಬಿಡಿ" ಎಂಬ ಮಾತೂ ಕಿವಿಗೆ ಬಿದ್ದಿರುತ್ತದೆ. ಈ ಮಾತು ಎಷ್ಟು ನಿಜ? ನಡೆದ ಪ್ರಕರಣಗಳನ್ನು ಒಂದೊಂದಾಗಿ ನೋಡೋಣ. ಕಾರ್ಯಕ್ರಮದ ಚರ್ಚೆಯನ್ನು ಅನುಸರಿಸಲು ಈ ಪುಟಗಳು ನಿಮಗೆ ನೆರವಾಗಬಹುದು.

ಹಾಸಿಗೆಗಿಂತ ಉದ್ದ ಕಾಲು

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಕ್ಲಬ್ಬುಗಳು ಆದಾಯ ಮೀರಿ ಖರ್ಚು ಮಾಡುವುದಾದರೂ ಏಕೆ? ಯುರೋಪಿನ ಲೀಗುಗಳದು ಏಣಿಯಂಥ ವ್ಯವಸ್ಥೆ. ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳಿವೆ. ಪ್ರತಿ ಋತುವಿನ ಕೊನೆಗೆ ಪಟ್ಟಿಯ ತಳದಲ್ಲಿರುವ ಮೂರು ತಂಡಗಳು ಕೆಳದರ್ಜೆಗೆ ಇಳಿಯುತ್ತವೆ, ಅಲ್ಲಿಂದ ಮೂರು ತಂಡಗಳು ಮೇಲೇರುತ್ತವೆ. ಮೇಲಿದ್ದರೆ ಟೆಲಿವಿಷನ್ ಪ್ರಸಾರದ ಹಕ್ಕಿನಿಂದ ಕೋಟಿಗಟ್ಟಲೆ ಹಣ ಬರುತ್ತದೆ. ಇಳಿದರೆ ಆ ಹೊಳೆ ಬತ್ತುತ್ತದೆ. ಹೀಗಾಗಿ ಇನ್ನೂ ಒಬ್ಬ ಆಟಗಾರನನ್ನು ಕೊಂಡರೆ ಉಳಿದೇವು, ಇನ್ನೊಂದಿಷ್ಟು ಸುರಿದರೆ ಗೆದ್ದೇವು ಎಂಬ ಆಸೆ ಮತ್ತು ಭಯ ಎರಡೂ ಕ್ಲಬ್ಬುಗಳನ್ನು ಸಾಲದತ್ತ ತಳ್ಳುತ್ತವೆ.

ಇದರ ಫಲ ಏನೆಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಲೀಡ್ಸ್ ಯುನೈಟೆಡ್ 2001ರಲ್ಲಿ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ಆಡಿತ್ತು. ಸಾಲದ ಭಾರಕ್ಕೆ ಕುಸಿದು 2004ರಲ್ಲಿ ಕೆಳದರ್ಜೆಗೂ, 2007ರಲ್ಲಿ ಮೂರನೆಯ ದರ್ಜೆಗೂ ಇಳಿಯಿತು. 2008ರಲ್ಲಿ ಎಫ್.ಎ. ಕಪ್ ಗೆದ್ದ ಪೋರ್ಟ್ಸ್‌ಮತ್ ಎರಡೇ ವರ್ಷಗಳಲ್ಲಿ ದಿವಾಳಿಯ ಅಂಚಿಗೆ ಬಂದು, 9 ಅಂಕ ಕಳೆದುಕೊಂಡು, ಪ್ರೀಮಿಯರ್ ಲೀಗಿನಿಂದ ಹೊರಬಿತ್ತು. ಎಲ್ಲಕ್ಕಿಂತ ದುಃಖದ ಕಥೆ ಬ್ಯೂರಿ ಕ್ಲಬ್ಬಿನದು. 1885ರಲ್ಲಿ ಹುಟ್ಟಿದ, ಎರಡು ಬಾರಿ ಎಫ್.ಎ. ಕಪ್ ಗೆದ್ದ ಈ ಕ್ಲಬ್ಬು ತನ್ನ ಹಣಕಾಸಿನ ಸ್ಥಿತಿ ಸರಿಯಿದೆ ಎಂದು ತೋರಿಸಲಾಗದೆ 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಹಾಕಲ್ಪಟ್ಟಿತು. ಅಜ್ಜನಿಂದ ಮೊಮ್ಮಗನವರೆಗೆ ಶನಿವಾರಗಳಂದು ಒಂದೇ ಮೈದಾನಕ್ಕೆ ಹೋಗುತ್ತಿದ್ದ ಊರಿನ ಜನಕ್ಕೆ ಹೋಗಲು ಪಂದ್ಯವೇ ಇಲ್ಲವಾಯಿತು. ಹಣಕಾಸಿನ ನಿಯಮಗಳು ಇರುವುದು ಇಂಥ ಗತಿ ಬಾರದಿರಲಿ ಎಂಬುದಕ್ಕೆ.

ನಿಯಮ ಏನನ್ನುತ್ತದೆ?

ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯೂಫಾ 2010ರ ಸುಮಾರಿಗೆ 'ಹಣಕಾಸಿನ ನ್ಯಾಯಯುತ ಆಟ' ಎಂಬ ನಿಯಮಾವಳಿಯನ್ನು ತಂದಿತು. ಫುಟ್‌ಬಾಲಿನಿಂದ ಗಳಿಸಿದ್ದಕ್ಕೂ ಫುಟ್‌ಬಾಲಿಗೆ ವ್ಯಯಿಸಿದ್ದಕ್ಕೂ ಸರಿದೂಗಬೇಕು ಎಂಬುದು ಅದರ ತಿರುಳು. ನಮ್ಮ ಹಿರಿಯರು ಹೇಳುವ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಮಾತೇ ಇದು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2013ರಲ್ಲಿ ತನ್ನದೇ ನಿಯಮ ಮಾಡಿಕೊಂಡಿತು. ಅದರಂತೆ ಮೂರು ವರ್ಷಗಳಲ್ಲಿ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರಬಾರದು, ಎಂದರೆ ವರ್ಷಕ್ಕೆ 3.5 ಕೋಟಿ. ಅದರಲ್ಲಿಯೂ 1.5 ಕೋಟಿಗಿಂತ ಹೆಚ್ಚಿನ ಭಾಗವನ್ನು ಮಾಲೀಕರು ಸಾಲವಾಗಿ ಅಲ್ಲ, ಬಂಡವಾಳವಾಗಿ ತುಂಬಿಕೊಡಬೇಕು. ಕೆಳದರ್ಜೆಯಲ್ಲಿ ಆಡಿದ ವರ್ಷಕ್ಕೆ ಮಿತಿ 1.3 ಕೋಟಿ ಮಾತ್ರ. ಮಕ್ಕಳ ತರಬೇತಿ, ಮಹಿಳಾ ಫುಟ್‌ಬಾಲ್, ಸಮುದಾಯ ಸೇವೆ, ಕ್ರೀಡಾಂಗಣ ನಿರ್ಮಾಣ, ಇವುಗಳ ಖರ್ಚನ್ನು ನಷ್ಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳ್ಳೆಯ ಕೆಲಸಕ್ಕೆ ಅಡ್ಡಿಯಾಗದಿರಲಿ ಎಂದು ಈ ವಿನಾಯಿತಿ.

ಶಿಕ್ಷೆ ಆದದ್ದುಂಟು

ಹಲವು ವರ್ಷ ಈ ನಿಯಮ ಕಾಗದದ ಹುಲಿ ಎಂದೇ ಜನ ಭಾವಿಸಿದ್ದರು. 2023ರ ನವೆಂಬರ್‌ನಲ್ಲಿ ಆ ಭಾವನೆ ಬದಲಾಯಿತು. ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬಿನ ನಷ್ಟ 2021–22ಕ್ಕೆ ಮುಗಿದ ಅವಧಿಯಲ್ಲಿ 12.45 ಕೋಟಿ ಪೌಂಡ್, ಅಂದರೆ ಮಿತಿಗಿಂತ 1.95 ಕೋಟಿ ಹೆಚ್ಚು ಎಂದು ಸ್ವತಂತ್ರ ಆಯೋಗವೊಂದು ತೀರ್ಮಾನಿಸಿ 10 ಅಂಕಗಳನ್ನು ಕಡಿತ ಮಾಡಿತು. ಮೇಲ್ಮನವಿಯಲ್ಲಿ, 2024ರ ಫೆಬ್ರುವರಿಯಲ್ಲಿ, ಅದು 6ಕ್ಕೆ ಇಳಿಯಿತು. ಮುಂದಿನ ಅವಧಿಯ ಲೆಕ್ಕದಲ್ಲಿಯೂ ಮಿತಿ ಮೀರಿದ್ದಕ್ಕೆ ಏಪ್ರಿಲ್‌ನಲ್ಲಿ ಮತ್ತೆ 2 ಅಂಕ ಹೋದವು.

ಅದೇ ಮಾರ್ಚ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಅಂಕ ಕಳೆದುಕೊಂಡಿತು. ಅದು ಎರಡು ವರ್ಷ ಕೆಳದರ್ಜೆಯಲ್ಲಿದ್ದುದರಿಂದ ಅದರ ಮಿತಿ 3.5 ಕೋಟಿಗೆ ಎರಡು ಬಾರಿ 1.3 ಕೋಟಿ ಸೇರಿಸಿ 6.1 ಕೋಟಿ ಪೌಂಡ್. ಕ್ಲಬ್ಬು ಅದನ್ನು 3.45 ಕೋಟಿಯಷ್ಟು ಮೀರಿತ್ತು. ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಫಾರೆಸ್ಟ್ ತನ್ನ ಆಟಗಾರ ಬ್ರೆನನ್ ಜಾನ್ಸನ್‌ನನ್ನು ಮಾರಿದ್ದು ಸೆಪ್ಟೆಂಬರ್ ಒಂದರಂದು. ಕಾದದ್ದರಿಂದ ಒಳ್ಳೆಯ ಬೆಲೆ ಬಂತು ಎಂದು ಕ್ಲಬ್ಬು ವಾದಿಸಿತು. ಗಡುವು ಗಡುವೇ ಎಂಬ ನಿಲುವಿನಿಂದ ಆಯೋಗ ಕದಲಲಿಲ್ಲ. ಆದರೆ ತಪ್ಪೊಪ್ಪಿಕೊಂಡು ಸಹಕರಿಸಿದ್ದಕ್ಕಾಗಿ 6 ಅಂಕದ ಶಿಕ್ಷೆಯನ್ನು 4ಕ್ಕೆ ಇಳಿಸಿತು.

ಇಟಲಿಯಲ್ಲಿಯೂ ಹೀಗೆಯೇ. ಆಟಗಾರರ ಕೊಳ್ಳು–ಮಾರಿನ ಲಾಭವನ್ನು ಉಬ್ಬಿಸಿ ತೋರಿಸಿದ ಪ್ರಕರಣದಲ್ಲಿ ಪ್ರಸಿದ್ಧ ಯುವೆಂಟಸ್ 2023ರಲ್ಲಿ 10 ಅಂಕ ಕಳೆದುಕೊಂಡಿತು. ಯೂಫಾ ಅದನ್ನು ಒಂದು ಋತುವಿನ ಮಟ್ಟಿಗೆ ಯುರೋಪಿನ ಪಂದ್ಯಾವಳಿಯಿಂದ ಹೊರಗಿಟ್ಟಿತು. ಆದ್ದರಿಂದ "ಯಾರಿಗೂ ಏನೂ ಆಗುವುದಿಲ್ಲ" ಎಂಬ ಮಾತು ಸರಿಯಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ

ಹಾಗಾದರೆ ನ್ಯಾಯ ಸಿಕ್ಕಿತೆ? ಇಲ್ಲಿ ನೀವೇ ಪೆನ್ಸಿಲು ಹಿಡಿದು ಒಂದು ಸಣ್ಣ ಲೆಕ್ಕ ಮಾಡಿ. ಎವರ್ಟನ್ ಮಿತಿ ಮೀರಿದ ಅವಧಿಯ ಕೊನೆಯ ಋತು 2021–22. ಆ ಋತುವಿನಲ್ಲಿ ಅದು ಗಳಿಸಿದ್ದು 39 ಅಂಕ. 18ನೆಯ ಸ್ಥಾನದಲ್ಲಿ ನಿಂತು ಕೆಳದರ್ಜೆಗೆ ಇಳಿದ ಬರ್ನ್ಲಿ ಗಳಿಸಿದ್ದು 35 ಅಂಕ. ಎವರ್ಟನ್‌ನ 6 ಅಂಕವನ್ನು ಅದೇ ಋತುವಿನಲ್ಲಿ ಕಳೆದಿದ್ದರೆ ಉಳಿಯುವುದು 33. ಆಗ ಇಳಿಯಬೇಕಾದದ್ದು ಎವರ್ಟನ್, ಉಳಿಯಬೇಕಾದದ್ದು ಬರ್ನ್ಲಿ.

ಶಿಕ್ಷೆ ಬಿದ್ದದ್ದು ಎರಡು ಋತುಗಳ ನಂತರ, 2023–24ರಲ್ಲಿ. ಆ ವರ್ಷ ಒಟ್ಟು 8 ಅಂಕ ಕಳೆದುಕೊಂಡರೂ ಎವರ್ಟನ್ 40 ಅಂಕಗಳೊಂದಿಗೆ ನಿರಾಳವಾಗಿ ಉಳಿಯಿತು. ಫಾರೆಸ್ಟ್ ಕೂಡ ಉಳಿಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಬರ್ನ್ಲಿಯ ಅಭಿಮಾನಿಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ವಿಳಂಬಕ್ಕೆ ಒಂದು ಸಹಜ ಕಾರಣವೂ ಉಂಟು. ಋತು ಮುಗಿಯುವುದು ಮೇ ತಿಂಗಳಲ್ಲಿ, ಲೆಕ್ಕ ಮುಗಿಯುವುದು ಜೂನ್‌ನಲ್ಲಿ. ಅಂಕಪಟ್ಟಿ ಅಂತಿಮವಾದ ಮೇಲೆಯೇ ತಪ್ಪು ಬೆಳಕಿಗೆ ಬರಲು ಸಾಧ್ಯ. ಇದನ್ನರಿತ ಪ್ರೀಮಿಯರ್ ಲೀಗ್ 2023ರಲ್ಲಿ ವಿಚಾರಣೆಯ ವೇಗ ಹೆಚ್ಚಿಸಿತು. ಫಾರೆಸ್ಟ್ ಮೇಲೆ ಜನವರಿಯಲ್ಲಿ ಆರೋಪ ಹೊರಿಸಿ ಮಾರ್ಚ್‌ನಲ್ಲಿ ತೀರ್ಪು ಕೊಡಲು ಸಾಧ್ಯವಾದದ್ದು ಹೀಗೆ.

ದೊಡ್ಡ ಪ್ರಕರಣ, ದೊಡ್ಡ ಕಡತ

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ: ಮ್ಯಾಂಚೆಸ್ಟರ್ ಸಿಟಿಯ ವಿಷಯವೇನು? 2014ರಲ್ಲಿ ಯೂಫಾ ಈ ಕ್ಲಬ್ಬಿಗೂ ಪ್ಯಾರಿಸ್ ಸೇಂಟ್ ಜರ್ಮೇನ್‌ಗೂ ತಲಾ 6 ಕೋಟಿ ಯೂರೋ ದಂಡ ವಿಧಿಸಿತು. ಅದರಲ್ಲಿ 4 ಕೋಟಿ ಷರತ್ತು ಪಾಲಿಸಿದರೆ ಕಟ್ಟಬೇಕಾಗಿಲ್ಲದ ಹಣ. 2020ರ ಫೆಬ್ರುವರಿಯಲ್ಲಿ ಯೂಫಾ ಸಿಟಿಯನ್ನು ಎರಡು ಋತು ಯುರೋಪಿನ ಪಂದ್ಯಾವಳಿಗಳಿಂದ ನಿಷೇಧಿಸಿ, 3 ಕೋಟಿ ಯೂರೋ ದಂಡ ಹಾಕಿತು. ಮಾಲೀಕರ ಹಣವನ್ನೇ ಪ್ರಾಯೋಜಕರ ಹಣವೆಂದು ತೋರಿಸಲಾಗಿದೆ ಎಂಬುದು ಆರೋಪ. ಅದೇ ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ನಿಷೇಧವನ್ನು ರದ್ದುಪಡಿಸಿತು. ಹೆಚ್ಚಿನ ಆರೋಪಗಳು ಸಾಬೀತಾಗಿಲ್ಲ ಅಥವಾ ಐದು ವರ್ಷದ ಕಾಲಮಿತಿ ಮೀರಿವೆ ಎಂದಿತು. ತನಿಖೆಗೆ ಸಹಕರಿಸಲಿಲ್ಲವೆಂದು 1 ಕೋಟಿ ಯೂರೋ ದಂಡವನ್ನು ಮಾತ್ರ ಉಳಿಸಿತು.

2023ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಲೀಗ್ ತಾನೇ ಸಿಟಿಯ ಮೇಲೆ ನೂರಕ್ಕೂ ಹೆಚ್ಚು ಆರೋಪಗಳನ್ನು ಹೊರಿಸಿತು. ಅವು ಬಹುಮಟ್ಟಿಗೆ 2009ರಿಂದ 2018ರವರೆಗಿನ ಋತುಗಳಿಗೆ ಸಂಬಂಧಿಸಿದವು. ಕ್ಲಬ್ಬು ಎಲ್ಲವನ್ನೂ ನಿರಾಕರಿಸಿತು. ವಿಚಾರಣೆ 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ಡಿಸೆಂಬರ್‌ನಲ್ಲಿ ಮುಗಿಯಿತು. ಆ ಬಳಿಕ ತಿಂಗಳುಗಳು ಉರುಳಿದರೂ ತೀರ್ಪು ಹೊರಬೀಳಲಿಲ್ಲ. ಎವರ್ಟನ್‌ನ ಮೊದಲ ಪ್ರಕರಣ ಆರೋಪದಿಂದ ತೀರ್ಪಿನವರೆಗೆ ಸುಮಾರು ಎಂಟು ತಿಂಗಳಲ್ಲಿ ಮುಗಿದಿತ್ತು ಎಂಬುದನ್ನು ನೆನೆಯಿರಿ.

ಇದು ಪಕ್ಷಪಾತವೆ? ಅವಸರದ ತೀರ್ಮಾನ ಬೇಡ. ಎವರ್ಟನ್ ಮತ್ತು ಫಾರೆಸ್ಟ್ ಪ್ರಕರಣಗಳಲ್ಲಿ ಮಿತಿ ಮೀರಿದ್ದನ್ನು ಕೊನೆಗೆ ಕ್ಲಬ್ಬುಗಳೇ ಒಪ್ಪಿಕೊಂಡಿದ್ದವು. ವಿವಾದವಿದ್ದದ್ದು ಎಷ್ಟು ಮೀರಿತು, ಏಕೆ ಮೀರಿತು ಎಂಬ ಬಗೆಗೆ. ಸಿಟಿಯ ವಿಷಯದಲ್ಲಿ ಲೆಕ್ಕವೇ ಸತ್ಯವಲ್ಲ ಎಂಬುದು ಆರೋಪ. ಹಾಗೆಂದು ಹೇಳುವವರು ಹಳೆಯ ಪತ್ರ, ಒಪ್ಪಂದಗಳನ್ನು ಒಂದೊಂದಾಗಿ ತೆರೆದು ಸಾಬೀತು ಮಾಡಬೇಕು. ಅದಕ್ಕೆ ಕಾಲ ಹಿಡಿಯುತ್ತದೆ. ಆದರೆ ಇನ್ನೊಂದು ಸತ್ಯವೂ ಇದೆ. ದೊಡ್ಡ ವಕೀಲರ ತಂಡವನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಶಕ್ತಿ ಎಲ್ಲ ಕ್ಲಬ್ಬುಗಳಿಗೂ ಇರುವುದಿಲ್ಲ.

ಬೇಲಿಯ ಸಂದುಗಳು

ನಿಯಮ ಮುರಿಯದೆಯೇ ನುಣುಚಿಕೊಳ್ಳುವ ದಾರಿಗಳೂ ಉಂಟು. ವಾಣಿಜ್ಯ ಓದುವ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಆಟಗಾರನಿಗೆ ಕೊಟ್ಟ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಬರೆಯಲಾಗುತ್ತದೆ. 10 ಕೋಟಿಗೆ ಕೊಂಡ ಆಟಗಾರನ ಕರಾರು 5 ವರ್ಷವಾದರೆ ವರ್ಷಕ್ಕೆ 2 ಕೋಟಿ, 8 ವರ್ಷವಾದರೆ ಕೇವಲ 1.25 ಕೋಟಿ. ಚೆಲ್ಸಿ ಕ್ಲಬ್ಬು ಇಂಥ ದೀರ್ಘ ಕರಾರುಗಳನ್ನು ಮಾಡಿಕೊಂಡಿತು. 2023ರಲ್ಲಿ ಯೂಫಾ, ಬಳಿಕ ಪ್ರೀಮಿಯರ್ ಲೀಗ್, ಐದೇ ವರ್ಷಗಳಿಗೆ ಹಂಚಬೇಕು ಎಂದು ಆ ಸಂದನ್ನು ಮುಚ್ಚಿದವು.

ಅದೇ ಚೆಲ್ಸಿ ತನ್ನ ಎರಡು ಹೋಟೆಲುಗಳನ್ನು ಸೋದರ ಸಂಸ್ಥೆಗೆ 7.65 ಕೋಟಿ ಪೌಂಡಿಗೆ ಮಾರಿ ಲಾಭ ತೋರಿಸಿತು. ಎಡ ಜೇಬಿನಿಂದ ಬಲ ಜೇಬಿಗೆ ಹಣ ಹೋದಂತೆ! ಪ್ರೀಮಿಯರ್ ಲೀಗಿನ ನಿಯಮದಲ್ಲಿ ಇದಕ್ಕೆ ತಡೆಯಿರಲಿಲ್ಲ. ತಡೆ ತರಬೇಕೆಂದು 2024ರ ಜೂನ್‌ನಲ್ಲಿ ಮತಕ್ಕೆ ಹಾಕಿದಾಗ ಬೇಕಾದ ಬಹುಮತ ದೊರೆಯಲಿಲ್ಲ. ಮತ ಹಾಕುವವರು ಆ 20 ಕ್ಲಬ್ಬುಗಳೇ, 14 ಮತ ಬಿದ್ದರೆ ಮಾತ್ರ ನಿಯಮ ಬದಲು. ಯೂಫಾ ಇಂಥ ಲಾಭವನ್ನು ಒಪ್ಪುವುದಿಲ್ಲ. 2025ರ ಜುಲೈನಲ್ಲಿ ಅದು ಚೆಲ್ಸಿಗೆ 3.1 ಕೋಟಿ ಯೂರೋ ದಂಡ ವಿಧಿಸಿತು. ಆದರೆ ನೂರಾರು ಕೋಟಿ ಹೂಡಿದ ಮಾಲೀಕರಿಗೆ ದಂಡವೆಂಬುದು ಶಿಕ್ಷೆಯೋ, ಪ್ರವೇಶ ಶುಲ್ಕವೋ? ಅಂಕ ಕಡಿತಕ್ಕೆ ಕ್ಲಬ್ಬುಗಳು ಹೆದರುವಷ್ಟು ದಂಡಕ್ಕೆ ಹೆದರುವುದಿಲ್ಲ.

ಶಿಕ್ಷೆಗಿಂತ ತಡೆ ಮೇಲು

ಸ್ಪೇನ್ ದೇಶದ ಲೀಗು ಬೇರೆ ದಾರಿ ಹಿಡಿದಿದೆ. ಅಲ್ಲಿ ತಪ್ಪಾದ ಮೇಲೆ ದಂಡಿಸುವುದಕ್ಕಿಂತ, ಮೊದಲೇ ಪ್ರತಿ ಕ್ಲಬ್ಬಿಗೂ ತಂಡದ ವೆಚ್ಚದ ಮಿತಿ ಗೊತ್ತುಪಡಿಸುತ್ತಾರೆ. ಮಿತಿ ಮೀರಿದರೆ ಆಟಗಾರನ ನೋಂದಣಿಯೇ ಆಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ಲಿಯೊನೆಲ್ ಮೆಸ್ಸಿ ಬಾರ್ಸಿಲೋನಾವನ್ನು ಕಣ್ಣೀರಿನೊಂದಿಗೆ ಬಿಟ್ಟದ್ದು ನಿಮಗೆ ತಿಳಿದಿರಬಹುದು. ಕ್ಲಬ್ಬಿಗೂ ಇಷ್ಟವಿತ್ತು, ಮೆಸ್ಸಿಗೂ ಇಷ್ಟವಿತ್ತು, ಆದರೆ ಲೆಕ್ಕದಲ್ಲಿ ಜಾಗವಿರಲಿಲ್ಲ. ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ, ಬಾಗಿಲಲ್ಲಿಯೇ ತಡೆ.

ಬೇರೆಡೆಯೂ ಗಾಳಿ ಈ ಕಡೆಗೇ ಬೀಸುತ್ತಿದೆ. ಸಂಬಳ, ಆಟಗಾರರ ಖರೀದಿ, ಏಜೆಂಟರ ಶುಲ್ಕ ಸೇರಿ ತಂಡದ ವೆಚ್ಚ ಆದಾಯದ ಶೇಕಡಾ 70ನ್ನು ಮೀರಬಾರದು ಎಂಬ ಯೂಫಾ ನಿಯಮ 2022ರಲ್ಲಿ ರೂಪುಗೊಂಡು ಹಂತ ಹಂತವಾಗಿ ಜಾರಿಗೆ ಬಂತು. ಪ್ರೀಮಿಯರ್ ಲೀಗಿನ ಕ್ಲಬ್ಬುಗಳೂ 2025ರ ನವೆಂಬರ್‌ನಲ್ಲಿ ಶೇಕಡಾ 85ರ ಮಿತಿಯನ್ನು 2026–27ರ ಋತುವಿನಿಂದ ಅನ್ವಯಿಸಲು ಒಪ್ಪಿದವು. ಬ್ರಿಟನ್ನಿನ ಸಂಸತ್ತು 2025ರಲ್ಲಿ ಕಾನೂನು ಮಾಡಿ, ಇಂಗ್ಲೆಂಡಿನ ಮೇಲಿನ ಐದು ದರ್ಜೆಯ ಕ್ಲಬ್ಬುಗಳ ಮೇಲೆ ಕಣ್ಣಿಡಲು ಲೀಗಿಗೆ ಸೇರದ ಸ್ವತಂತ್ರ ನಿಯಂತ್ರಕ ಸಂಸ್ಥೆಯನ್ನು ಸ್ಥಾಪಿಸಿತು.

ಒಟ್ಟಿನಲ್ಲಿ ಉತ್ತರ ಇಷ್ಟು. ಶಿಕ್ಷೆ ಆಗುತ್ತದೆ. ತಪ್ಪು ಸರಳವಾಗಿದ್ದರೆ ಬೇಗ, ಜಟಿಲವಾಗಿದ್ದರೆ ನಿಧಾನ. ನಿಧಾನವಾದಷ್ಟೂ ಅದು ಯಾರಿಗೆ ಅನ್ಯಾಯವಾಯಿತೋ ಅವರ ಪಾಲಿಗೆ ಬೆಲೆ ಕಳೆದುಕೊಳ್ಳುತ್ತದೆ. ನಿಯಮ ಇದ್ದರೆ ಸಾಲದು. ಅದು ಹೊತ್ತಿಗೆ ಸರಿಯಾಗಿ, ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಇದು ಫುಟ್‌ಬಾಲಿಗೆ ಮಾತ್ರ ಸಲ್ಲುವ ಮಾತಲ್ಲ.

ಚರ್ಚೆಗೆ ಪ್ರಶ್ನೆಗಳು

1. ಅಂಕ ಕಡಿತದಿಂದ ನೋಯುವವರು ಆಟಗಾರರು ಮತ್ತು ಅಭಿಮಾನಿಗಳು. ಖರ್ಚು ಮಾಡಿದವರು ಮಾಲೀಕರು. ಈ ಶಿಕ್ಷೆ ನ್ಯಾಯವೆ?

2. ವೆಚ್ಚದ ಮಿತಿಯನ್ನು ಆದಾಯಕ್ಕೆ ಕಟ್ಟಿದರೆ ಈಗಾಗಲೇ ಶ್ರೀಮಂತವಾಗಿರುವ ಕ್ಲಬ್ಬುಗಳೇ ಸದಾ ಮುಂದಿರುವುದಿಲ್ಲವೆ? ಇದಕ್ಕೆ ನಿಮ್ಮ ಪರಿಹಾರವೇನು?

3. ನಿಯಮ ಪಾಲಿಸಬೇಕಾದವರೇ ನಿಯಮ ಮಾಡುವುದು ಎಷ್ಟರಮಟ್ಟಿಗೆ ಸರಿ?