ಸಂಪ್ರದಾಯವಾದಿಯೊಬ್ಬರು ಬದಲಿಸಿದ ಕಾನೂನು

ಬಲಪಂಥೀಯ ರಾಜಕಾರಣಿ ಎಂದೊಡನೆ ಸುಧಾರಣೆಗೆ ಅಡ್ಡಗಾಲು ಹಾಕುವ ವ್ಯಕ್ತಿಯೇ ನಮ್ಮ ಕಣ್ಣ ಮುಂದೆ ಬರುತ್ತಾನೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಫ್ರಾನ್ಸಿನ ಸಂಸದ ಲೂಸಿಯೆನ್ ನ್ಯೂವಿರ್ತ್ (1924-2013) ಅವರ ಬದುಕನ್ನು ಓದಿದ ಮೇಲೆ ಆ ಗ್ರಹಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಮೊದಲ ಮಹಾಯುದ್ಧದಲ್ಲಿ 13ರಿಂದ 14 ಲಕ್ಷ ಯೋಧರನ್ನು ಕಳೆದುಕೊಂಡ ಫ್ರಾನ್ಸ್, ಜನಸಂಖ್ಯೆ ಕುಸಿಯುವ ಭೀತಿಯಿಂದ 1920ರಲ್ಲಿ ಕಠಿಣ ಕಾನೂನೊಂದನ್ನು ತಂದಿತು. ಗರ್ಭನಿರೋಧದ ಬಗ್ಗೆ ಪ್ರಚಾರ ಮಾಡುವುದೂ ಸೆರೆವಾಸಕ್ಕೆ ಗುರಿಯಾಗಬಲ್ಲ ಅಪರಾಧವಾಯಿತು. ನಮ್ಮ ಮೈಸೂರು ಸಂಸ್ಥಾನವು 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು ಎಂಬುದನ್ನು ನೆನೆದರೆ, ಸ್ವಾತಂತ್ರ್ಯ ಮತ್ತು ಸಮಾನತೆಯ ತವರೆಂದು ನಾವು ಕೊಂಡಾಡುವ ದೇಶದ ಈ ಸ್ಥಿತಿ ಅಚ್ಚರಿ ತರುತ್ತದೆ. ಕಾನೂನಿನ ಹೊರೆಯನ್ನು ಹೊತ್ತವರು ಹೆಂಗಸರು. ಬೇಡದ ಬಸಿರಿನಿಂದ ಪಾರಾಗಲು ಕದ್ದುಮುಚ್ಚಿ ಗರ್ಭಪಾತಕ್ಕೆ ಶರಣಾಗಿ ಪ್ರಾಣ ತೆತ್ತವರು ಅನೇಕರು.

ಸೇಂತ್ ಎತಿಯೆನ್ ನಗರದ ನ್ಯೂವಿರ್ತ್ ಹದಿಹರೆಯದಲ್ಲೇ ನಾಜಿ ವಿರೋಧಿ ಹೋರಾಟಕ್ಕೆ ಧುಮುಕಿ, ಮುಂದೆ ಲಂಡನ್ ಸೇರಿದರು. ಗರ್ಭನಿರೋಧಕಗಳು ಔಷಧಿ ಅಂಗಡಿಯಲ್ಲಿ ಮುಕ್ತವಾಗಿ ದೊರೆಯುವುದನ್ನು ಅವರು ಕಂಡದ್ದು ಅಲ್ಲಿ. 1945ರ ಏಪ್ರಿಲ್‌ನಲ್ಲಿ ಪ್ಯಾರಾಚೂಟ್ ಯೋಧರಾಗಿ ನೆದರ್‌ಲ್ಯಾಂಡ್ಸ್‌ನಲ್ಲಿ ಸೆರೆಸಿಕ್ಕಾಗ ಜರ್ಮನ್ನರು ಅವರನ್ನು ಗುಂಡಿಟ್ಟು ಕೊಲ್ಲಲು ನಿಲ್ಲಿಸಿದರು. ಜೇಬಿನಲ್ಲಿದ್ದ ನಾಣ್ಯಗಳು ಗುಂಡಿನ ದಾರಿ ತಪ್ಪಿಸಿದ್ದರಿಂದ ಬದುಕುಳಿದರು. 1958ರಲ್ಲಿ ಡಿಗಾಲ್ ಅವರನ್ನು ಮರಳಿ ಅಧಿಕಾರಕ್ಕೆ ತರುವ ಯತ್ನದಲ್ಲೂ ಅವರು ಮುಂಚೂಣಿಯಲ್ಲಿದ್ದರು. ಅದೇ ವರ್ಷ ಲ್ವಾರ್ ಪ್ರಾಂತದಿಂದ ಸಂಸತ್ತಿಗೆ ಆಯ್ಕೆಯಾದರು. ಅವರ ನಿಷ್ಠೆಯನ್ನು ಯಾರೂ ಶಂಕಿಸುವಂತಿರಲಿಲ್ಲ. ಆ ನಿಷ್ಠೆಯಿಂದ ಸಂಪಾದಿಸಿದ ವಿಶ್ವಾಸವನ್ನು ಅವರು ಮಂತ್ರಿಪದವಿಗಾಗಿ ಅಲ್ಲ, ಸ್ವಪಕ್ಷೀಯರಿಗೇ ಬೇಡವಾಗಿದ್ದ ಸುಧಾರಣೆಗಾಗಿ ವ್ಯಯಿಸಿದರು.

1920ರ ನಿಷೇಧವನ್ನು ತೆಗೆಯಲು ಅಧ್ಯಕ್ಷರ ಸಮ್ಮತಿ ಬೇಕಿತ್ತು. ಡಿಗಾಲ್ ಅವರೋ ನಿಷ್ಠಾವಂತ ಕ್ಯಾಥೊಲಿಕ್ಕರು. ಸ್ತ್ರೀಯರಿಗೆ ಮತದಾನದ ಹಕ್ಕು ನೀಡಿದವರು ತಾವೇ, ತಾಯ್ತನದ ನಿರ್ಧಾರವನ್ನೂ ಅವರ ಕೈಗೆ ಕೊಡಬೇಕೆಂದು ತಾವು ಕೇಳಿಕೊಂಡುದಾಗಿ ನ್ಯೂವಿರ್ತ್ ಮುಂದೆ ಹೇಳಿಕೊಂಡಿದ್ದಾರೆ. ದೀರ್ಘ ಮೌನದ ನಂತರ ಜನರಲ್ ಒಪ್ಪಿದರಂತೆ. ಆದರೆ ಪಕ್ಷ ಒಪ್ಪಲಿಲ್ಲ. ನಿಂದನೆ, ಬೆದರಿಕೆಗಳು ಬಂದವು. ‘ಗುಳಿಗೆ ಲೂಸಿಯೆನ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಸ್ವಪಕ್ಷದ ಅನೇಕರು ವಿರೋಧಿಸಿದರೂ ಎಡಪಕ್ಷಗಳ ಬೆಂಬಲದಿಂದ 1967ರ ಡಿಸೆಂಬರ್‌ನಲ್ಲಿ ಮಸೂದೆ ಕಾನೂನಾಯಿತು.

ಅದು ಪರಿಪೂರ್ಣ ಕಾನೂನಾಗಿರಲಿಲ್ಲ. ಗರ್ಭನಿರೋಧಕಗಳ ಜಾಹೀರಾತಿಗೆ ನಿರ್ಬಂಧವಿತ್ತು. ಅಪ್ರಾಪ್ತ ವಯಸ್ಕರಿಗೆ ಪೋಷಕರ ಲಿಖಿತ ಸಮ್ಮತಿ ಅಗತ್ಯವಿತ್ತು. ಅದನ್ನು ಪೂರ್ಣವಾಗಿ ಜಾರಿಗೊಳಿಸುವ ನಿಯಮಗಳು ಹೊರಬೀಳಲು 1972ರವರೆಗೆ ಕಾಯಬೇಕಾಯಿತು. ಸಾಮಾಜಿಕ ವಿಮೆಯಿಂದ ಗುಳಿಗೆಯ ವೆಚ್ಚ ಮರಳಿ ಸಿಗುವಂತಾದದ್ದು 1974ರಲ್ಲಿ. ಸಂಸತ್ತು ಅಂಗೀಕರಿಸಿದ್ದನ್ನು ಕಚೇರಿಗಳು ತಡೆಹಿಡಿಯಬಲ್ಲವು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

1981ರಲ್ಲಿ ಸಮಾಜವಾದಿಗಳ ಅಲೆಯಲ್ಲಿ ಅವರ ಸ್ಥಾನ ಕೈತಪ್ಪಿತು. 1983ರಿಂದ 2001ರವರೆಗೆ ಮೇಲ್ಮನೆಯ ಸದಸ್ಯರಾಗಿದ್ದ ಅವರು ಅಲ್ಲಿ ರೋಗಿಗಳ ನೋವಿನ ಉಪಶಮನದ ಪರವಾಗಿ ದುಡಿದರು. ಸಾವಿನಂಚಿನಲ್ಲಿರುವವರಿಗೆ ಉಪಶಾಮಕ ಆರೈಕೆಯ ಹಕ್ಕು ನೀಡಿದ 1999ರ ಕಾನೂನಿನ ಹಿಂದೆಯೂ ಅವರ ಶ್ರಮವಿದೆ.

ಗುಳಿಗೆಯಿಂದ ಕುಟುಂಬವೇ ಒಡೆಯುತ್ತದೆಂದು ಅವರ ವಿರೋಧಿಗಳು ಪ್ರಾಮಾಣಿಕವಾಗಿಯೇ ನಂಬಿದ್ದರು. ನ್ಯೂವಿರ್ತ್ ಕೂಡ ಕುಟುಂಬದ ವಿರೋಧಿಯಾಗಿರಲಿಲ್ಲ. ಭೀತಿಯ ಮೇಲೆ ನಿಂತ ಕುಟುಂಬ ಉಳಿಯಲಾರದು ಎಂಬುದಷ್ಟೇ ಅವರ ನಿಲುವಾಗಿತ್ತೆಂದು ನನಗೆ ತೋರುತ್ತದೆ. ಉಳಿಸಬೇಕಾದದ್ದು ಯಾವುದು, ಅದಕ್ಕಾಗಿ ಬಿಡಬೇಕಾದದ್ದು ಯಾವುದು ಎಂಬ ವಿವೇಕವಿಲ್ಲದ ಸಂಪ್ರದಾಯವಾದ ಬರಿಯ ಹಟವಾಗುತ್ತದೆ. ಪಕ್ಷನಿಷ್ಠೆಯೆಂದರೆ ಮೌನವೆಂದು ತಿಳಿದ ಜನಪ್ರತಿನಿಧಿಗಳು, ಅವರು ಯಾವ ದೇಶದವರೇ ಆಗಿರಲಿ, ಈ ಬದುಕನ್ನೊಮ್ಮೆ ಓದಬೇಕು.